ಮಿಲಿಟರಿ ಸ್ಪ್ರಿಂಗಿನ ತೊಟ್ಟಿಲು

ಎಲ್ಲಾ ಶುರುವಾದದ್ದು ಒಂದು ಸ್ಪ್ರಿಂಗಿನಿಂದ. ಅದೂ ಸರ್ಕಾರದ ಸ್ಪ್ರಿಂಗು. ಮಿಲಿಟರಿ ಟ್ರಕ್ಕಿನ ಬ್ರೇಕಿಗೆ ಹಾಕುವ, ಮೊಳದುದ್ದದ, ಗ್ರೀಸು ಬಳಿದ ಸುರುಳಿ ಸ್ಪ್ರಿಂಗು. ಅದು ಇರಬೇಕಾದದ್ದು ದಾವಣಗೆರೆಯ ಮಿಲಿಟರಿ ಗೋದಾಮಿನ ಕಪಾಟಿನಲ್ಲಿ. ಇದ್ದದ್ದು ನಿಟ್ಟುವಳ್ಳಿಯ ಓಬವ್ವನ ಮನೆಯ ಜಂತಿಯಲ್ಲಿ, ಮೊಮ್ಮಗನ ತೊಟ್ಟಿಲಿನ ನೆತ್ತಿಯ ಮೇಲೆ.

ಕೊಟ್ಟವರು ಗೋದಾಮಿನ ಸ್ಟೋರ್ ಕೀಪರ್ ಮಕ್ತುಮ್ ಸಾಬರು. ದೇವರು ಅವರಿಗೆ ಒಳ್ಳೆಯ ಹೆಂಡತಿ, ಗುಣವಂತೆ ಮಗಳು, ಸರ್ಕಾರಿ ನೌಕರಿ ಎಲ್ಲವನ್ನೂ ಕೊಟ್ಟಿದ್ದ. 'ಇಲ್ಲ' ಎಂಬ ಒಂದು ಮಾತನ್ನು ಮಾತ್ರ ಕೊಡಲು ಮರೆತಿದ್ದ. ಯಾರಾದರೂ ಬಂದು ಏನಾದರೂ ಕೇಳಿದರೆ ಸಾಬರ ಬಾಯಿ 'ಇಲ್ಲ' ಎನ್ನಲೆಂದೇ ತೆರೆದುಕೊಳ್ಳುತ್ತಿತ್ತು. ಹೊರಗೆ ಬರುವಷ್ಟರಲ್ಲಿ ಅದು 'ಆಗ್ಲಿ, ತಗಳ್ರಿ' ಆಗಿರುತ್ತಿತ್ತು. ಇದು ನಿಟ್ಟುವಳ್ಳಿಯ ಜನಕ್ಕೆಲ್ಲ ಗೊತ್ತಿದ್ದ ವಿಷಯ.

ಚೀನಾ ಯುದ್ಧ ಮುಗಿದ ಮೇಲೆ ಪೂನಾ-ಬೆಂಗಳೂರು ರಸ್ತೆಯಲ್ಲಿ ಮಿಲಿಟರಿ ಟ್ರಕ್ಕುಗಳ ಓಡಾಟ ಹೆಚ್ಚಾಗಿತ್ತು. ಅವು ನಡುದಾರಿಯಲ್ಲಿ ಕೆಟ್ಟು ನಿಂತರೆ ಬಿಡಿಭಾಗಗಳು ಕೈಗೆ ಸಿಗಲಿ ಎಂದು ಸೈನ್ಯದವರು ಎರಡು ಗೋದಾಮು ತೆರೆದಿದ್ದರು. ಒಂದು ಹರಿಹರದ ರೈಲ್ವೆ ಸ್ಟೇಷನ್ನಿನ ಪಕ್ಕ. ಇನ್ನೊಂದು ದಾವಣಗೆರೆಯ ಅಂಚಿನ ನಿಟ್ಟುವಳ್ಳಿಯಲ್ಲಿ, ಹಳೆಯ ಹತ್ತಿ ಗೋದಾಮನ್ನು ಬಾಡಿಗೆಗೆ ಹಿಡಿದು. ರೈಲಿನಲ್ಲಿ ಬಂದ ಸಾಮಾನು ಹರಿಹರದಲ್ಲಿ ಇಳಿದು, ಅರ್ಧ ಅಲ್ಲೇ ಉಳಿದು, ಅರ್ಧ ಲಾರಿಯಲ್ಲಿ ದಾವಣಗೆರೆಗೆ ಬರುತ್ತಿತ್ತು. ಒಂದು ಕಡೆ ಇಲ್ಲದ್ದನ್ನು ಇನ್ನೊಂದು ಕಡೆಯಿಂದ ತರಿಸಿಕೊಳ್ಳಬೇಕು ಎಂಬುದು ನಿಯಮ.

ಆದರೆ ಹರಿಹರದ ಸ್ಟೋರ್ ಕೀಪರ್ ಉಜ್ಜನಪ್ಪನವರಿಂದ ಏನನ್ನಾದರೂ ತರಿಸಿಕೊಳ್ಳುವುದು ಅಷ್ಟು ಸುಲಭವಿರಲಿಲ್ಲ. ಹಣೆಯ ತುಂಬ ವಿಭೂತಿ ಧರಿಸಿ, ಮಡಿಕೆ ಮುರಿಯದ ಬಿಳಿ ಅಂಗಿ ತೊಟ್ಟು ಕೂತಿರುತ್ತಿದ್ದ ಅವರ ಬಳಿ ಒಂದು ನಟ್ಟು ಕೇಳಿದರೂ, "ಮೂರು ಕಾಪಿ ಬರಕೊಂಡು, ಸಹಿ ಮಾಡಿ ತರ್ರಿ" ಎನ್ನುತ್ತಿದ್ದರು. ಅವರ ಗೋದಾಮಿನಲ್ಲಿ ಧೂಳು ಕೂಡ ಅಪ್ಪಣೆ ಕೇಳಿ ಕೂರುತ್ತಿತ್ತು.

ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ಮಕ್ತುಮ್ ಸಾಬರು ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಮನೆ ಬಾಗಿಲಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಚಳಿ ಎಂದರೆ ಅವರಿಗೆ ಪ್ರಾಣಭಯ. ದಸರೆಗೆ ಸುತ್ತಿದ ಮಫ್ಲರನ್ನು ಅವರು ಶಿವರಾತ್ರಿ ದಾಟಿದ ಮೇಲೆಯೇ ಬಿಚ್ಚುತ್ತಿದ್ದದ್ದು. ಆಗ ಹರಿಹರದ ಗೋದಾಮಿನ ಲಾರಿ ಬಂದು ನಿಂತಿತು. ಡ್ರೈವರ್ ಕೆಂಚವೀರಪ್ಪ ಕೆಳಗೆ ಹಾರಿದ.

"ಸಾಬ್ರೆ, ಚಹಾ ಆಮ್ಯಾಲೆ ಕುಡೀರಿ. ಮೇಜರ್ ಸಾಹೇಬ್ರು ಚಿತ್ರದುರ್ಗ ಬಿಟ್ಟಾರೆ. ಮಧ್ಯಾಹ್ನದೊಳಗೆ ನಿಮ್ಮ ಗೋದಾಮು, ಆಮ್ಯಾಲೆ ನಮ್ಮದು. ಒಂದೊಂದು ಸಾಮಾನೂ ನೋಡ್ತಾರಂತೆ."

"ಇವತ್ತಾ? ಯಾಕಪ್ಪಾ ಇದ್ದಕ್ಕಿದ್ದಂಗೆ?"

"ನಮ್ಮ ಉಜ್ಜನಪ್ನೋರು ಹೇಳಿ ಕಳಿಸ್ಯಾರೆ. ನಿಮ್ಮಿಬ್ಬರಾಗೆ ಒಬ್ಬರನ್ನ ತೇಜಪುರಕ್ಕೆ ಹಾಕ್ತಾರಂತೆ."

ಮಕ್ತುಮ್ ಸಾಬರ ಕೈಯಲ್ಲಿದ್ದ ಚಹಾ ಸಾಸರಿಗೆ ಇಳಿಯಿತು. ತೇಜಪುರ ಎಂದರೆ ಅಸ್ಸಾಮು. ಯುದ್ಧದ ದಿನಗಳಲ್ಲಿ ಚೌಕಿಪೇಟೆಯ ಹೋಟೆಲಿನ ರೇಡಿಯೋದಲ್ಲಿ ದಿನವೂ ಕೇಳಿದ ಹೆಸರು. ಅದರಾಚೆ ಚೀನಾ, ಅದರ ಮೇಲೆ ಹಿಮ ಎಂಬುದು ಅವರ ತಿಳುವಳಿಕೆ.

"ಯಾರ ಗೋದಾಮಿನಾಗೆ ಸಾಮಾನು ಕಮ್ಮಿ ಐತೋ ಅವರನ್ನೇ ತಾನೆ ಹಾಕೋದು?" ಎಂದರು ಸಾಬರು.

"ಅದು ನಂಗೊತ್ತಿಲ್ರಿ. ಉಜ್ಜನಪ್ನೋರು ಇಷ್ಟೇ ಅಂದ್ರು: ಮಕ್ತುಮ್ ಸಾಬ್ರ ಗೋದಾಮು ಕನ್ನಡಿ ಹಂಗೆ ಇರಬೇಕು, ಏನು ಕಮ್ಮಿ ಐತೋ ನಮ್ಮ ಗೋದಾಮಿಂದ ತುಂಬಿ ಕೊಡು ಅಂತ. ಲಾರಿ ತುಂಬ ತಂದೀನಿ."

"ಮೂರು ಕಾಪಿ ಸಹಿ?"

"ಸಹಿ ಬ್ಯಾಡ ಅಂದ್ರು."

ಮಕ್ತುಮ್ ಸಾಬರ ಕಣ್ಣು ತುಂಬಿಬಂತು. ನಟ್ಟಿಗೆ ಮೂರು ಸಹಿ ಕೇಳುವ ಮನುಷ್ಯ, ಗೆಳೆಯನಿಗೆ ಕಷ್ಟ ಬಂದಾಗ ಲಾರಿಯನ್ನೇ ಕಳಿಸಿದ್ದಾರೆ. ಇಷ್ಟು ದಿನ ಬೆನ್ನ ಹಿಂದೆ ಅವರನ್ನು ಜಿಪುಣ ಎಂದದ್ದಕ್ಕೆ ಸಾಬರು ಮನಸ್ಸಿನಲ್ಲೇ ತಮ್ಮ ಕೆನ್ನೆಗೆ ಹೊಡೆದುಕೊಂಡರು.

ಒಳಗಿನಿಂದ ಹೆಂಡತಿ ಹಜೀರಾಬೀ ಹೊರಗೆ ಬಂದರು. ಮನೆಯಲ್ಲಿ ಅವರದು ಉರ್ದು ಮಾತು. ಸಿಟ್ಟು ಬಂದಾಗ ಮಾತ್ರ ಹಜೀರಾಬೀ ಕನ್ನಡಕ್ಕೆ ಬರುತ್ತಿದ್ದರು, ಓಣಿಗೆಲ್ಲ ತಿಳಿಯಲಿ ಎಂದು.

"ಏನ್ರಿ, ಮಗಳು ಮುಂದಿನ ತಿಂಗಳು ಚೊಚ್ಚಲ ಹೆರಿಗೆಗೆ ಬರ್ತಾಳೆ. ಎಷ್ಟು ದರ್ಗಾಕ್ಕೆ ಹರಕೆ ಹೊತ್ತ ಮ್ಯಾಲೆ ಆಗೇತಿ ಇದು! ನೀವು ತೇಜಪುರದಾಗೆ ಕೂತ್ರೆ ಮೊಮ್ಮಗನ ಕಿವಿಯಾಗೆ ಅಜಾನ್ ಹೇಳೋರು ಯಾರು? ಚೀನಾದೋರು ಬಂದು ಹೇಳ್ತಾರಾ?"

ಆ ಮಾತು ಸಾಬರ ಎದೆಗೇ ನಾಟಿತು. ಖತೀಜಾ ಅವರ ಒಬ್ಬಳೇ ಮಗಳು. ಮೊಮ್ಮಗುವನ್ನು ಎತ್ತಿಕೊಳ್ಳಬೇಕು, ಕಿವಿಯಲ್ಲಿ ಅಜಾನ್ ಹೇಳಬೇಕು ಎಂದು ಅವರು ದಿನ ಎಣಿಸುತ್ತಿದ್ದರು. ಅವರಿಗೆ ಬೇರೆ ಆಸೆಯೇ ಇರಲಿಲ್ಲ.

"ಹೋಗಲ್ಲ ಹಜೀರಾ. ಏನಾದ್ರೂ ಆಗ್ಲಿ, ನನ್ನ ಗೋದಾಮಿನಾಗೆ ಇವತ್ತು ಒಂದು ಸೂಜೀನೂ ಕಮ್ಮಿ ಇರಲ್ಲ," ಎಂದು ಮಫ್ಲರನ್ನು ಇನ್ನೊಂದು ಸುತ್ತು ಬಿಗಿದು ಸೈಕಲ್ ಹತ್ತಿದರು.

ಗೋದಾಮಿಗೆ ಹೋಗಿ ಹೊಂದಿಸಿ ನೋಡಿದರೆ, ಲಾರಿಯ ಸಾಮಾನಿನಿಂದ ಕಮ್ಮಿ ಇದ್ದದ್ದೆಲ್ಲ ತುಂಬಿತು. ಮೂರು ಮಾತ್ರ ಹರಿಹರದಲ್ಲೂ ಇರಲಿಲ್ಲ. ಒಂದು ಬ್ರೇಕ್ ಡ್ರಮ್ಮು, ಒಂದು ತಾಡಪಾಲು, ಒಂದು ಸ್ಪ್ರಿಂಗು. ಅವು ಎಲ್ಲಿವೆ ಎಂದು ಸಾಬರಿಗೆ ಚೆನ್ನಾಗಿ ಗೊತ್ತಿತ್ತು.

ಮೊದಲು ಮಂಡಕ್ಕಿ ಭಟ್ಟಿಯ ಬಂಗಾರಪ್ಪನ ಬಳಿಗೆ ಓಡಿದರು. ಭಟ್ಟಿ ಧಗಧಗ ಉರಿಯುತ್ತಿತ್ತು. ಅದರ ಬಾಯಿಗೆ, ಹೊಟ್ಟು ನೂಕುವ ಜಾಗದಲ್ಲಿ, ಭಾರತ ಸರ್ಕಾರದ ಬ್ರೇಕ್ ಡ್ರಮ್ಮು ಅಳತೆ ಕೊಟ್ಟು ಮಾಡಿಸಿದಂತೆ ಕೂತಿತ್ತು.

"ಬಂಗಾರಪ್ಪ, ಡ್ರಮ್ ಬೇಕು, ಈಗಿಂದೀಗ್ಲೇ!"

"ಅಯ್ಯ ಸಾಬ್ರೆ, ಭಟ್ಟಿ ಆರೋಕೆ ಸಂಜೆ ಆಗ್ತೈತೆ. ಮಂಡಕ್ಕಿ ಅರಳ್ತಾ ಐತೆ ನೋಡ್ರಿ. ಕೂಡ್ರಿ, ಒಂದು ಪ್ಲೇಟ್ ಖಾರ ಹಚ್ಚಿ ಕೊಡ್ತೀನಿ."

"ನನ್ನ ತೇಜಪುರಕ್ಕೆ ಹಾಕ್ತಾರೋ ಮಾರಾಯ!"

ಬಂಗಾರಪ್ಪನಿಗೆ ತೇಜಪುರ ಎಲ್ಲಿದೆ ಎಂದು ತಿಳಿಯದಿದ್ದರೂ ಸಾಬರ ಮುಖ ನೋಡಿ ಅದು ಒಳ್ಳೆಯ ಊರಲ್ಲ ಎಂದು ಅರ್ಥವಾಯಿತು. ಬೂದಿ ಎಳೆಯುವ ಕೊಕ್ಕೆಯಿಂದ ಡ್ರಮ್ಮನ್ನು ಕಿತ್ತು, ಒದ್ದೆ ಗೋಣಿಚೀಲದಲ್ಲಿ ಸುತ್ತಿ ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿದ. ಸಾಬರು ಹೊರಟರು. ಸೈಕಲ್ಲಿನ ಹಿಂದಿನಿಂದ ಬುಸುಬುಸು ಆವಿ ಏಳುತ್ತಿತ್ತು. ದಾರಿಯಲ್ಲಿ ಕಂಡವರೆಲ್ಲ, ಸಾಬರು ಹೊಸ ಮೋಟರ್ ಸೈಕಲ್ ತಗೊಂಡರು ಎಂದುಕೊಂಡು ದಾರಿ ಬಿಟ್ಟರು.

ಉಳಿದೆರಡು ಸಾಮಾನೂ ಓಬವ್ವನ ಮನೆಯಲ್ಲೇ ಇದ್ದವು. ಓಬವ್ವನ ಮಗ ನಿಂಗಪ್ಪ ಗೋದಾಮಿನ ಕಾವಲುಗಾರ. ಅವನಿಗೆ ಗಂಡುಮಗು ಹುಟ್ಟಿ, ಅದು ತೊಟ್ಟಿಲಲ್ಲಿ ಮಲಗದೆ ಓಣಿಯನ್ನೆಲ್ಲ ಎಬ್ಬಿಸುತ್ತಿದ್ದಾಗ, "ಸಾಬಣ್ಣ, ಒಂದು ಸ್ಪ್ರಿಂಗ್ ಇದ್ರೆ ತೊಟ್ಟಿಲು ತಾನೇ ಕುಣೀತಿತ್ತು," ಎಂದು ಓಬವ್ವ ಕೇಳಿದ್ದಳು. ಸಾಬರ ಬಾಯಿ ತೆರೆದಿತ್ತು. ಆಮೇಲಿನದು ನಿಮಗೇ ಗೊತ್ತು. ಸ್ಪ್ರಿಂಗ್ ಕಟ್ಟಿದ ದಿನದಿಂದ ಮಗು ನಿದ್ದೆ ಮಾಡಿತು. ಓಣಿಯೂ ಮಾಡಿತು.

ಆ ದಿನವೇ ಮಗುವಿಗೆ ಹೆಸರಿಡುವ ಶಾಸ್ತ್ರ. ಮನೆಯ ಮುಂದೆ ಮಿಲಿಟರಿ ತಾಡಪಾಲಿನ ಚಪ್ಪರ. ಅದರ ಕೆಳಗೆ ಹೆಂಗಸರು ಗುಗ್ಗರಿ ಹಂಚಲು ಬುಟ್ಟಿ ಹಿಡಿದು ಕೂತಿದ್ದರು. ಮಕ್ತುಮ್ ಸಾಬರು ಬಂದು ವಿಷಯ ಹೇಳಿ, ಮಗುವನ್ನು ಎತ್ತಿ ಓಬವ್ವನ ಕೈಗೆ ಕೊಟ್ಟು ಸ್ಪ್ರಿಂಗನ್ನು ಬಿಚ್ಚಿದರು. ಮರುಕ್ಷಣವೇ ಮಗು ಕಿರುಚಿಕೊಂಡಿತು. ಪಕ್ಕದ ಮನೆಯ ಎಮ್ಮೆ ಗೂಟ ಕಿತ್ತಿತು.

"ಸಾಬಣ್ಣ, ನಿಮ್ಮ ನೌಕರಿ ನಮಗೆ ಬ್ಯಾರೆ ಅಲ್ಲ," ಎಂದಳು ಓಬವ್ವ ಕೂಗಿನ ನಡುವೆ ಕೂಗಿ. "ಆದ್ರೆ ಮುಹೂರ್ತ ಮೀರಬಾರ್ದು. ಅಳೋ ಮಗೀಗೆ ಹೆಸರಿಟ್ರೆ ಜನ್ಮ ಪೂರಾ ಅಳ್ತೈತೆ. ನಿಮ್ಮ ಸ್ಪ್ರಿಂಗು ಗೋದಾಮಿನಾಗೆ ಇರಬೇಕು, ಅಷ್ಟೇ ಹೌದಲ್ಲೋ?"

"ಹೌದವ್ವ."

"ಹಂಗಾರೆ ತೊಟ್ಟಿಲನ್ನ ಅಲ್ಲೇ ಕಟ್ರಿ. ಶಾಸ್ತ್ರ ಅಲ್ಲೇ ಮಾಡ್ತೀವಿ. ಸಾಹೇಬ್ರು ಬರೋದ್ರೊಳಗೆ ಮುಗಿಸಿ ಎದ್ದು ಬರ್ತೀವಿ."

ಸಾಬರ ಬಾಯಿ ತೆರೆಯಿತು. "ಆಗ್ಲಿ, ಬರ್ರಿ," ಎಂದಿತು.

ಹೀಗಾಗಿ ನಿಟ್ಟುವಳ್ಳಿಯ ಹೆಂಗಸರೆಲ್ಲ ಗುಗ್ಗರಿ, ಕುಂಕುಮದ ಬಟ್ಟಲು, ಪಾಯಸದ ಕೊಳಗ ಹೊತ್ತು ಮೆರವಣಿಗೆಯಲ್ಲಿ ಭಾರತ ಸೈನ್ಯದ ಗೋದಾಮಿಗೆ ನಡೆದರು. ಮುಂದೆ ಆವಿ ಬಿಡುವ ಸೈಕಲ್ಲು. ಹಿಂದೆ ತಾಡಪಾಲು ಹೊತ್ತ ಕೆಂಚವೀರಪ್ಪ. ದಾರಿಯಲ್ಲಿ ಕೊಳಗ ವಾಲಿ ಒಂದಿಷ್ಟು ಪಾಯಸ ತಾಡಪಾಲಿನ ಮೇಲೆ ಚೆಲ್ಲಿತು.

ಗೋದಾಮಿನ ತೊಲೆಗೆ ಸ್ಪ್ರಿಂಗ್ ಬಿಗಿದು, ತೊಟ್ಟಿಲು ನೇತುಹಾಕಿ, ಮಗುವನ್ನು ಮಲಗಿಸಿದರು. ಅದು ಎರಡು ಸಲ ಕುಣಿದು ನಿದ್ದೆ ಹೋಯಿತು. ಟಯರುಗಳ ಮೇಲೆ ಕೂತು ಹೆಂಗಸರು ಜೋಗುಳ ಎತ್ತಿದರು. ಎಲ್ಲಾ ಸರಿ ಇತ್ತು. ಹೆಸರು ಕೂಗಬೇಕಾದ ಮಗುವಿನ ಸೋದರತ್ತೆ ಮಾತ್ರ ಬಂದಿರಲಿಲ್ಲ. ನಂದಿಗುಡಿಯಿಂದ ಬರುವ ಬಸ್ಸು ಎಲ್ಲೋ ಕೆಟ್ಟು ನಿಂತಿತ್ತಂತೆ.

"ಬ್ಯಾರೆ ಯಾರಾದ್ರೂ ಕೂಗ್ರವ್ವ, ಬೇಗ!" ಎಂದು ಸಾಬರು ಕೈಮುಗಿದರು. "ಅತ್ತೆ ಇಲ್ದೆ ಹೆಂಗೆ ಆಗ್ತೈತೆ?" ಎಂದು ಹೆಂಗಸರು ಇನ್ನೊಂದು ಹಾಡು ಹಿಡಿದರು. ಅದರ ಎರಡನೇ ನುಡಿಗೆ ಬಾಗಿಲಲ್ಲಿ ನಿಂಗಪ್ಪನ ಬೂಟು ಟಪ್ಪೆಂದು ಸದ್ದು ಮಾಡಿತು. ಜೀಪು ಬಂದಿತ್ತು.

ಮೇಜರ್ ಸಾಹೇಬರು ಕೊಡಗಿನವರು. ಪೊದೆ ಮೀಸೆ, ಕಂಕುಳಲ್ಲಿ ಬೆತ್ತ. ಕನ್ನಡ ಬಲ್ಲವರು, ಆದರೆ ಏನು ಮಾತಾಡಿದರೂ ಪರೇಡಿಗೆ ಹುಕುಂ ಕೊಟ್ಟ ಹಾಗಿರುತ್ತಿತ್ತು. ಅವರು ಒಳಗೆ ಕಾಲಿಟ್ಟು, ಜೋಗುಳ ಕೇಳಿ, ಅಲ್ಲೇ ನಿಂತರು.

"ಇದೇನು?"

ಮಕ್ತುಮ್ ಸಾಬರು ಸೆಲ್ಯೂಟ್ ಹೊಡೆಯಲು ಕೈ ಎತ್ತಿದರು. ಅದು ಮಫ್ಲರಿಗೆ ಸಿಕ್ಕಿಕೊಂಡಿತು. ಆಗ ಪಕ್ಕದಿಂದ ಕೆಂಚವೀರಪ್ಪ ಮುಂದೆ ಬಂದ.

"ಟೆಸ್ಟಿಂಗ್ ಸಾರ್."

"ಟೆಸ್ಟಿಂಗ್?"

"ಹೌದು ಸಾರ್. ನಮ್ಮ ಸಾಬ್ರು ಸ್ಪ್ರಿಂಗನ್ನ ಸುಮ್ನೆ ಕಪಾಟಿನಾಗೆ ಇಡಲ್ಲ. ತೂಗಿ ನೋಡ್ತಾರೆ. ಕಲ್ಲು ಇಟ್ಟು ತೂಗಿದ್ರೆ ಕಲ್ಲು ಏನೂ ಹೇಳಲ್ಲ ಸಾರ್. ಮಗು ಇಟ್ರೆ, ಸ್ಪ್ರಿಂಗು ಒಂಚೂರು ಗಟ್ಟಿ ಆದ್ರೂ ಎದ್ದು ಅಳ್ತೈತೆ."

ಮೇಜರ್ ಸಾಹೇಬರು ತೊಟ್ಟಿಲ ಬಳಿ ಹೋದರು. ಮಗು ನಿದ್ದೆಯಲ್ಲಿ ನಗುತ್ತಿತ್ತು. ಸ್ಪ್ರಿಂಗು ಹಿತವಾಗಿ ಏರಿಳಿಯುತ್ತಿತ್ತು. ಅವರ ಮೀಸೆಯ ಒಂದು ತುದಿ ಅಲ್ಲಾಡಿತು. ಅಲ್ಲಿಂದ ಮುಂದೆ ಹೋಗಿ ಬ್ರೇಕ್ ಡ್ರಮ್ಮಿನ ಮೇಲೆ ಕೈಯಿಟ್ಟವರು ಚಟ್ಟನೆ ಕೈ ಎಳೆದುಕೊಂಡರು.

"ಇದು ಯಾಕೆ ಕಾದಿದೆ?"

"ಘಾಟಿ ಇಳೀವಾಗ ಬ್ರೇಕ್ ಹಿಡಿದ್ರೆ ಡ್ರಮ್ಮು ಕೆಂಡ ಆಗ್ತೈತಲ್ಲ ಸಾರ್," ಎಂದ ಕೆಂಚವೀರಪ್ಪ. "ಅಲ್ಲಿ ಹೋಗಿ ಬಿರುಕು ಬಿಟ್ರೆ ಜವಾನ್ರ ಗತಿ ಏನು? ಅದಕ್ಕೆ ಸಾಬ್ರು ಇಲ್ಲೇ ಭಟ್ಟಿಗೆ ಹಾಕಿ ಕಾಸಿ ನೋಡ್ತಾರೆ."

"ಮತ್ತೆ ಈ ತಾಡಪಾಲು? ಬೆಲ್ಲದ ವಾಸನೆ ಬರ್ತಾ ಇದೆ."

"ಪಾಯಸ ಸಾರ್. ನೀರು ಹಾಕಿ ನೋಡಿದ್ರೆ ಎಲ್ಲಿ ಸೋರ್ತು ಅಂತ ಗೊತ್ತಾಗಲ್ಲ. ಪಾಯಸ ಹಾಕಿದ್ರೆ, ಸೋರಿದ ಜಾಗ ಇರುವೆ ತೋರಿಸ್ತಾವೆ."

ಮಕ್ತುಮ್ ಸಾಬರು ಕಣ್ಣು ಮುಚ್ಚಿ ಅಲ್ಲಾನನ್ನು ನೆನೆದರು. ಇನ್ನೇನು ಗುಡುಗುತ್ತದೆ ಎಂದು ಕಾದರು. ಗುಡುಗಲಿಲ್ಲ. ಮೇಜರ್ ಸಾಹೇಬರು ಬಗ್ಗಿ ತಾಡಪಾಲಿನ ಅಡಿಯನ್ನು ನೋಡಿದರು. ಇರುವೆಗಳೆಲ್ಲ ಮೇಲೆಯೇ ಇದ್ದವು. ಅಡಿಯಲ್ಲಿ ಒಂದೂ ಇರಲಿಲ್ಲ.

ಅಷ್ಟರಲ್ಲಿ ಓಬವ್ವ ಎದ್ದು ಸೆರಗು ಬಿಗಿದುಕೊಂಡು ಬಂದಳು. ಮುಹೂರ್ತ ಮೀರುತ್ತಿತ್ತು. ಅವಳಿಗೆ ಮೇಜರೂ ಒಂದೇ, ಮೇಸ್ತ್ರಿಯೂ ಒಂದೇ.

"ಸಾಹೇಬ್ರೆ, ಹೆಂಗೂ ದೊಡ್ಡೋರು ಬಂದೀರಿ. ಮಗೀನ ಕಿವಿಯಾಗೆ ಒಂದು ಹೆಸರು ಕೂಗ್ರಿ."

"ಓಬವ್ವ, ಬ್ಯಾಡ..." ಎಂದು ಸಾಬರು ಅಂದರೋ, ಅಂದುಕೊಂಡರೋ, ಯಾರಿಗೂ ಕೇಳಿಸಲಿಲ್ಲ. ಮೇಜರ್ ಸಾಹೇಬರು ಟೋಪಿ ತೆಗೆದು ಕಂಕುಳಲ್ಲಿಟ್ಟು, ತೊಟ್ಟಿಲ ಮೇಲೆ ಬಗ್ಗಿ, ಮಗುವಿನ ಕಿವಿಯಲ್ಲಿ, "ರಣವೀರ!" ಎಂದರು. ಅವರ ಪಾಲಿಗೆ ಅದು ಪಿಸುಮಾತು.

ಹೆಸರು ಕೂಗಿದವರ ಬೆನ್ನಿಗೆ ಸುತ್ತಲಿನ ಹೆಂಗಸರು ಗುದ್ದುವುದು ನಮ್ಮ ಕಡೆಯ ಪದ್ಧತಿ. ಗುದ್ದು ಜೋರಾದಷ್ಟೂ ಮಗುವಿಗೆ ಆಯುಷ್ಯ ಗಟ್ಟಿ ಎಂಬ ಭಾವನೆ. ಮೇಜರ್ ಸಾಹೇಬರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಓಬವ್ವ ಜೋಳ ಬೀಸಿ ಗಟ್ಟಿಯಾದ ಕೈಯನ್ನು ಎತ್ತಿ ಭಾರತ ಸೈನ್ಯದ ಬೆನ್ನಿಗೆ ಧಡ್ ಎಂದು ಒಂದು ಬಿಟ್ಟಳು. ಹಿಂದೆಯೇ ಉಳಿದವರೂ ಒಂದೊಂದು ಹಾಕಿದರು. ಜೀಪಿನ ಜವಾನ ಬಂದೂಕು ಹಿಡಿದು ಓಡಿಬಂದ. ಮಕ್ತುಮ್ ಸಾಬರು ಟಯರಿನ ಮೇಲೆ ಕುಸಿದು ಕೂತರು. ತೇಜಪುರವಲ್ಲ, ಇನ್ನು ನೇರ ಜೈಲೇ ಎಂದು ಅವರಿಗೆ ಖಾತ್ರಿಯಾಯಿತು.

ಮೇಜರ್ ಸಾಹೇಬರು ನಿಧಾನವಾಗಿ ನೆಟ್ಟಗಾದರು. ಮುಖ ಕೆಂಪಾಗಿತ್ತು. ನಿಂಗಪ್ಪ ಪದ್ಧತಿಯನ್ನು ವಿವರಿಸಿದ. ಕೇಳಿ ಮುಗಿದ ಮೇಲೆ ಗೋದಾಮಿನ ತಗಡು ಅದುರುವಂತೆ ಅವರು ನಕ್ಕರು. ನಕ್ಕು ನಕ್ಕು ಕಣ್ಣೊರೆಸಿಕೊಂಡು ಎಲೆ ತುಂಬ ಗುಗ್ಗರಿ ತಿಂದರು. ಆಮೇಲೆ ಉಳಿದ ಸಾಮಾನನ್ನೆಲ್ಲ ಒಂದೊಂದಾಗಿ ನೋಡಿದರು. ಒಂದು ವಾಷರೂ ಕಮ್ಮಿ ಇರಲಿಲ್ಲ.

"ಮಕ್ತುಮ್ ಸಾಬ್, ದೇಶದಲ್ಲಿ ಬಹಳ ಗೋದಾಮು ನೋಡಿದ್ದೇನೆ. ಎಲ್ಲಾ ಕಡೆ ಸಾಮಾನು ಸತ್ತು ಬಿದ್ದಿರ್ತದೆ. ಇಲ್ಲಿ ಜೀವಂತ ಇದೆ. ಬನ್ನಿ, ಹರಿಹರಕ್ಕೆ ನನ್ನ ಜೀಪಿನಲ್ಲೇ ಬನ್ನಿ."

ದಾವಣಗೆರೆಯಿಂದ ಹರಿಹರದವರೆಗಿನ ದಾರಿಯಲ್ಲಿ ಮಕ್ತುಮ್ ಸಾಬರು ತಮ್ಮ ಹುಟ್ಟಿನಿಂದ ಅಂದಿನವರೆಗೆ ಅನುಭವಿಸಿದ ಸಂತೋಷವೆಲ್ಲ ಒಟ್ಟಿಗೆ ಅನುಭವಿಸಿದರು. ಗಾಳಿಗೆ ಮಫ್ಲರು ಬಾವುಟದಂತೆ ಹಾರುತ್ತಿತ್ತು. ಖತೀಜಾ ಬರುತ್ತಾಳೆ, ಮಗು ಹುಟ್ಟುತ್ತದೆ, ಕಿವಿಯಲ್ಲಿ ಅಜಾನ್ ಹೇಳುತ್ತೇನೆ. ತೊಟ್ಟಿಲಿಗೆ ಅದೇ ಸ್ಪ್ರಿಂಗನ್ನು ಕಟ್ಟುತ್ತೇನೆ ಎಂದೂ ಅವರು ನಿರ್ಧರಿಸಿಬಿಟ್ಟರು. ಬುದ್ಧಿ ಬಂದಿರಲಿಲ್ಲ.

ಹರಿಹರದ ಗೋದಾಮಿನ ಬಾಗಿಲು ದಾಟುತ್ತಲೇ ಆ ಸಂತೋಷ ಇಳಿದುಹೋಯಿತು. ಧೂಳೂ ಅಪ್ಪಣೆ ಕೇಳುತ್ತಿದ್ದ ಜಾಗ ಸಂತೆ ಮುಗಿದ ಬಯಲಿನಂತಾಗಿತ್ತು. ಕಪಾಟುಗಳು ಖಾಲಿ. ನಟ್ಟು, ಬೋಲ್ಟು, ವಾಷರು ಎಲ್ಲಾ ಒಂದೇ ರಾಶಿ. ಹೆಡ್‌ಲೈಟಿನ ಬಟ್ಟಲಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಟಯರುಗಳ ಗುಡ್ಡೆಯ ಮೇಲೆ, ಮಸಿ ಬಡಿದ ಅಂಗಿಯಲ್ಲಿ, ಉಜ್ಜನಪ್ಪನವರು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಹಣೆಯಲ್ಲಿ ವಿಭೂತಿ ಕೂಡ ಸೊಟ್ಟಗಿತ್ತು.

"ಯಾರು ಸ್ಟೋರ್ ಕೀಪರ್?" ಎಂದು ಮೇಜರ್ ಸಾಹೇಬರು ಗುಡುಗಿದರು.

ಉಜ್ಜನಪ್ಪನವರು ಆಕಳಿಸುತ್ತ ಎದ್ದರು. "ನಾನೇ ಸಾರ್. ಬರ್ರಿ, ಕೂಡ್ರಿ. ಏನು ಬೇಕಿತ್ತು?"

"ನಾಲ್ಕು ಫ್ಯಾನ್ ಬೆಲ್ಟ್ ಇರಬೇಕು. ಎಲ್ಲಿ?"

"ಇಲ್ಲೇ ಎಲ್ಲೋ ಇದ್ವು ಸಾರ್. ಕೋಳಿಯ ಅಡೀಲಿ ಇರಬೋದು."

ಕೋಳಿಯ ಅಡಿಯಲ್ಲಿ ಮೊಟ್ಟೆ ಮಾತ್ರ ಇದ್ದವು. ಮೇಜರ್ ಸಾಹೇಬರ ಬೆತ್ತ ಬೂಟಿಗೆ ಬಡಿಯತೊಡಗಿತು. ಮಕ್ತುಮ್ ಸಾಬರು ಉಜ್ಜನಪ್ಪನವರನ್ನೇ ನೋಡಿದರು. ಈ ಮನುಷ್ಯ ತನಗಾಗಿ ಎಲ್ಲವನ್ನೂ ಕೊಟ್ಟು ತಾನು ಬರಿಗೈಯಾಗಿದ್ದಾನೆ. ಸಹಿ ಕೂಡ ಕೇಳಲಿಲ್ಲ. ಈಗ ತೇಜಪುರಕ್ಕೆ ಹೋಗುವವನೂ ಇವನೇ. ಒಂದು ಕಡೆ ಮೊಮ್ಮಗುವಿನ ಆಸೆ, ಇನ್ನೊಂದು ಕಡೆ ಗೆಳೆಯನ ಉಪಕಾರ. ಸಾಬರು ಹಿಂದೆ ಮುಂದೆ ನೋಡಿದರು, ಆಮೇಲೆ ಮುಂದೆ ಬಂದುಬಿಟ್ಟರು.

"ಸಾರ್, ತಪ್ಪು ಇವರದಲ್ಲ. ನಂದು. ನನ್ನ ಗೋದಾಮಿನಾಗೆ ನೀವು ನೋಡಿದ್ದೆಲ್ಲ ಇವರದೇ. ನಂಗೆ ಕಮ್ಮಿ ಬಿದ್ದದ್ದನ್ನ ಇವರೇ ಬೆಳಿಗ್ಗೆ ಲಾರಿಯಾಗೆ ಕಳಿಸಿದ್ರು. ಶಿಕ್ಷೆ ಕೊಡೋದಾದ್ರೆ ನಂಗೇ ಕೊಡ್ರಿ."

ಉಜ್ಜನಪ್ಪನವರ ಮುಖದಲ್ಲಿ ಒಂದು ಕ್ಷಣ ನಿಜವಾದ ಗಾಬರಿ ಕಾಣಿಸಿತು. ಮರುಕ್ಷಣ ಅವರು ಕೈ ಜೋಡಿಸಿ, "ಇಲ್ಲ ಸಾರ್, ಸಾಬ್ರು ದೊಡ್ಡ ಮನಸ್ಸಿನೋರು. ನನ್ನ ಉಳಿಸೋಕೆ ಹಿಂಗಂತಾರೆ. ಲಾರಿನೂ ಇಲ್ಲ, ಏನೂ ಇಲ್ಲ. ನನ್ನ ಕೈಲಿ ಗೋದಾಮು ನೋಡ್ಕಳೋಕೆ ಆಗಲ್ಲ, ಅಷ್ಟೇ," ಎಂದರು. ಜೀಪಿನ ಹಿಂದೆಯೇ ಬಂದಿದ್ದ ಕೆಂಚವೀರಪ್ಪ ಸೂರಿನ ಕಡೆ ನೋಡುತ್ತ ನಿಂತಿದ್ದ.

ಮೇಜರ್ ಸಾಹೇಬರು ಇಬ್ಬರನ್ನೂ ನೋಡಿದರು. ಬಂದು ಮಕ್ತುಮ್ ಸಾಬರ ಹೆಗಲ ಮೇಲೆ ಕೈಯಿಟ್ಟರು.

"ಬೇರೆಯವರ ತಪ್ಪನ್ನು ತನ್ನ ತಲೆಗೆ ಹಾಕಿಕೊಳ್ಳುವವನು! ಇಂಥವನನ್ನೇ ನಾನು ಹುಡುಕುತ್ತಾ ಬಂದದ್ದು. ಮಕ್ತುಮ್ ಸಾಬ್, ತೇಜಪುರದಲ್ಲಿ ದೊಡ್ಡ ಗೋದಾಮು ತೆಗೆದಿದ್ದೇವೆ. ಗಡಿಯ ಟ್ರಕ್ಕುಗಳೆಲ್ಲ ಅದನ್ನೇ ನಂಬಿಕೊಂಡಿವೆ. ಅಲ್ಲಿಗೆ ಅತ್ಯುತ್ತಮ ಸ್ಟೋರ್ ಕೀಪರ್ ಬೇಕು, ಆರಿಸಿ ತನ್ನಿ ಅಂತ ನನಗೆ ಆರ್ಡರ್. ನೀವು ಆರಿಸಿಬಂದಿದ್ದೀರಿ."

ಮಕ್ತುಮ್ ಸಾಬರಿಗೆ ಸ್ಟೇಷನ್ನಿನಲ್ಲಿ ನಿಂತಿದ್ದ ರೈಲಿನ ಹೊಗೆಯೆಲ್ಲ ತಲೆಯೊಳಗೆ ಬಂದಂತಾಯಿತು.

"ಇವರನ್ನು," ಎಂದು ಮೇಜರ್ ಸಾಹೇಬರು ಬೆತ್ತದಿಂದ ಉಜ್ಜನಪ್ಪನವರನ್ನು ತೋರಿಸಿದರು, "ಗಡಿಗೆ ಕಳಿಸಿದರೆ ಚೀನಾಕ್ಕೆ ಅನುಕೂಲ. ಇಲ್ಲೇ ಬಿದ್ದಿರಲಿ. ಬೇರೆಯವರು ಸಿಗುವವರೆಗೆ ನಿಮ್ಮ ದಾವಣಗೆರೆ ಗೋದಾಮಿನ ಬೀಗದ ಕೈಯೂ ಇವರ ಹತ್ತಿರವೇ ಇರಲಿ." ಆಮೇಲೆ ದನಿ ತಗ್ಗಿಸಿದರು. "ಬಲವಂತ ಏನೂ ಇಲ್ಲ. ಮನೆಯಲ್ಲಿ ಕಷ್ಟ ಇದ್ದರೆ ಈಗಲೇ ಬಾಯಿಬಿಟ್ಟು ಹೇಳಿ, ಹೆಸರು ತೆಗೀತೇನೆ. ತೇಜಪುರಕ್ಕೆ ಹೋಗ್ತೀರಾ?"

ಒಂದೇ ಒಂದು ಮಾತು ಸಾಕಿತ್ತು. ಮಕ್ತುಮ್ ಸಾಬರು ಖತೀಜಾಳನ್ನು ನೆನೆದರು, ಹಜೀರಾಬೀಯನ್ನು ನೆನೆದರು, ಹಿಮವನ್ನು ನೆನೆದರು. ಇಡೀ ಜನ್ಮದ ಶಕ್ತಿಯನ್ನೆಲ್ಲ ಗಂಟಲಿಗೆ ತಂದು ಬಾಯಿ ತೆರೆದರು.

"ಆಗ್ಲಿ ಸಾರ್," ಎಂದರು.

ಜೀಪು ಪೂನಾ ದಾರಿ ಹಿಡಿದು ಮರೆಯಾದ ಮೇಲೆ ಉಜ್ಜನಪ್ಪನವರು ಗೂಡಿನಿಂದ ಕನ್ನಡಿ ತೆಗೆದು ವಿಭೂತಿ ನೇರ ಮಾಡಿಕೊಂಡರು. ಗಂಟಿನಿಂದ ಇಸ್ತ್ರಿ ಮಾಡಿದ ಬಿಳಿ ಅಂಗಿ ಹೊರಬಂತು. ಕೋಳಿಯನ್ನು ಪಕ್ಕದ ರೈಲ್ವೆ ಪಾಯಿಂಟ್ಸ್‌ಮನ್ನಿನ ಮನೆಗೆ ವಾಪಸು ಕಳಿಸಿದರು.

"ಉಜ್ಜನಪ್ನೋರೆ, ನೀವು ನಂಗೆ ಏನಂತ ಹೇಳಿ ಕಳಿಸಿದ್ರಿ?"

"ನಮ್ಮಿಬ್ಬರಾಗೆ ಒಬ್ಬರನ್ನ ಹಾಕ್ತಾರೆ ಅಂದೆ. ಹಾಕಿದ್ರಲ್ಲ," ಎಂದರು ಉಜ್ಜನಪ್ಪನವರು ಗುಂಡಿ ಹಾಕಿಕೊಳ್ಳುತ್ತ. "ಕೆಟ್ಟೋರನ್ನ ಹಾಕ್ತಾರೆ ಅಂತ ನಾನು ಅಂದಿದ್ನಾ? ಬೇಜಾರು ಮಾಡ್ಕಬ್ಯಾಡ್ರಿ ಸಾಬ್ರೆ. ನಂಗೆ ಮಂಡಿನೋವು, ಚಳಿ ಆಗಿ ಬರಲ್ಲ."

ಮಕ್ತುಮ್ ಸಾಬರಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಅದು ಅವರಿಗೆ ಎಂದೂ ಸರಿಯಾದ ಹೊತ್ತಿಗೆ ಬರುತ್ತಿರಲಿಲ್ಲ. "ಹೋಗ್ಲಿ ಬಿಡ್ರಿ," ಎಂದರು. "ಮುಂದಿನ ತಿಂಗಳು ನನ್ನ ಮಗಳಿಗೆ ಮಗು ಆಗ್ತೈತೆ. ತೊಟ್ಟಿಲಿಗೆ ಆ ಸ್ಪ್ರಿಂಗೊಂದು ಕೊಡ್ರಿ. ನಾನಂತೂ ಇರಲ್ಲ, ಮಗು ನಿದ್ದೆ ಆದ್ರೂ ಮಾಡ್ಲಿ."

"ಅಯ್ಯೋ, ಅದಕ್ಕೇನು, ಧಾರಾಳವಾಗಿ ಕೊಡೋಣ," ಎಂದರು ಉಜ್ಜನಪ್ಪನವರು. "ಮೂರು ಕಾಪಿ ಬರಕೊಂಡು, ಸಹಿ ಮಾಡಿ ತರ್ರಿ."

ಸಂಜೆಯ ಬಸ್ಸಿಗೆ ಮಕ್ತುಮ್ ಸಾಬರು ನಿಟ್ಟುವಳ್ಳಿಗೆ ಬಂದಿಳಿದರು. ಸುದ್ದಿ ಅವರಿಗಿಂತ ಮೊದಲೇ ಬಂದಿತ್ತು. ಹಜೀರಾಬೀ ಬಾಗಿಲಲ್ಲೇ ನಿಂತಿದ್ದರು, ಕನ್ನಡದಲ್ಲಿ.

"ಸಾಹೇಬ್ರು ಕೇಳಿದ್ರಂತೆ, ಹೋಗ್ತೀರಾ ಅಂತ. ಇಲ್ಲ ಅನ್ನೋಕೆ ಏನಾಗಿತ್ತು? ಎರಡಕ್ಷರ ಅಲ್ಲೇನ್ರಿ ಅದು?" ಎನ್ನುವಾಗ ಅವರ ದನಿ ಒಡೆಯಿತು. ಸಾಬರು ತಲೆ ತಗ್ಗಿಸಿ ಜಗುಲಿಯ ಮೇಲೆ ಕೂತರು. ಹೆಂಡತಿಯ ಕಣ್ಣೀರು ನೋಡಿ ಅವರಿಗೆ ನಿಜವಾಗಿಯೂ ತಮ್ಮ ಮೇಲೆ ನಾಚಿಕೆಯಾಯಿತು. ಇನ್ನು ಮುಂದೆ ಯಾರು ಏನೇ ಕೇಳಲಿ, ಮೊದಲು 'ಇಲ್ಲ', ಆಮೇಲೆ ಮಾತು ಎಂದು ಅಲ್ಲೇ ಆಣೆ ಮಾಡಿಕೊಂಡರು. ಹಜೀರಾಬೀಗೂ ಹಾಗೆಂದು ಮಾತು ಕೊಟ್ಟರು.

ಅಷ್ಟರಲ್ಲಿ ಮಂಡಕ್ಕಿ ಬಂಗಾರಪ್ಪ ಓಡುತ್ತ ಬಂದ.

"ಸಾಬ್ರೆ, ನೀವು ತೇಜಪುರಕ್ಕೆ ಹೋಗೋದು ಕೇಳಿ ಬಾಳ ಬ್ಯಾಸರ ಆತು. ಯಾವತ್ತು ಹೊಂಟೀರಿ? ಅಲ್ಲಾ, ನಮ್ಮವ್ವಗೆ ಬಾಳ ಕೆಮ್ಮು ಐತೆ, ಚಳಿ ತಡಕಳಾಕೆ ಆಗವಲ್ದು. ನಿಮ್ಮ ಮಫ್ಲರ್ ಒಂದೆರಡು ದಿನ ಕೊಟ್ಟಿದ್ರೆ..."

ಹಜೀರಾಬೀ ಉಸಿರು ಹಿಡಿದು ಗಂಡನ ಬಾಯನ್ನೇ ನೋಡಿದರು. ಮಕ್ತುಮ್ ಸಾಬರು ಬಾಯಿ ತೆರೆದರು. "ಇ..." ಎಂದರು. ಇನ್ನೊಮ್ಮೆ "ಇ..." ಎಂದರು.

ಆಮೇಲೆ ಕುತ್ತಿಗೆಯಿಂದ ಮಫ್ಲರನ್ನು ಸುತ್ತು ಸುತ್ತಾಗಿ ಬಿಚ್ಚಿ, ನೀಟಾಗಿ ಮಡಿಚಿ, "ಇಕಾ, ತಗಳಪ್ಪ," ಎಂದು ಅವನ ಕೈಗಿಟ್ಟರು.